ಕಿಲುಬು ಹಿಡಿದ ಗಂಟಲು

ಬಸ್ ನಿಲ್ದಾಣದ ಅನೌನ್ಸರಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ಮೈಕು ಗೊರಗುಟ್ಟಿದಾಗಲೆಲ್ಲ ಅದರ ತಂತಿಯ ತುದಿಯಲ್ಲಿದ್ದ ಪ್ಲಗ್ಗನ್ನು ಕಿತ್ತು, ತುಟಿಯ ಹತ್ತಿರ ಹಿಡಿದು, ಕೆನ್ನೆ ಉಬ್ಬಿಸಿ, 'ಉಫ್' ಎಂದು ಊದಿ ಮತ್ತೆ ಸಿಕ್ಕಿಸುತ್ತಿದ್ದ. ಊದಿದ ಮೇಲೆ ಮೈಕು ಸ್ವಲ್ಪ ಹೊತ್ತು ಸುಮ್ಮನಿರುತ್ತಿತ್ತು. ಆಮೇಲೆ ಮೊದಲಿಗಿಂತ ಹೆಚ್ಚು ಗೊರಗುಟ್ಟುತ್ತಿತ್ತು. ಅವನು ಮೊದಲಿಗಿಂತ ಜೋರಾಗಿ ಊದುತ್ತಿದ್ದ. ಹೀಗೆ ವರ್ಷಗಟ್ಟಲೆ ನಡೆದು, ಪ್ಲಗ್ಗಿನ ಮೂರು ಸಣ್ಣ ತೂತುಗಳ ಒಳಗೆ, ಕಣ್ಣಿಗೆ ಕಾಣದ, ಬೆರಳಿಗೆ ಸಿಗದ ಜಾಗದಲ್ಲಿ ಹಸಿರು ಕಿಲುಬು ಸಂಸಾರ ಹೂಡಿ ಕೂತಿತ್ತು.

ಇದರಿಂದಾಗಿ ಊರಿನಲ್ಲಿ ಯಾರೂ ಅವನ ದನಿಯನ್ನು ಕೇಳಿರಲಿಲ್ಲ. ಎಲ್ಲರೂ ಕೇಳಿದ್ದು ಗೊರಗೊರ ಮಾತ್ರ. ಅವನಿಗೆ ಗೊರಗೊರಪ್ಪ ಅಂತ ಹೆಸರು ಬಿದ್ದದ್ದು ಹಾಗೆ. ಹೊಸ ಪ್ಲಗ್ಗು ಕೇಳಿದರೆ ಸ್ಟೋರಿನವರು, ಹಳೆಯದು ಪೂರ್ತಿ ಕೆಟ್ಟ ಮೇಲೆ ಬನ್ನಿ ಅನ್ನುತ್ತಿದ್ದರು. ಅದು ಪೂರ್ತಿ ಕೆಡುತ್ತಲೂ ಇರಲಿಲ್ಲ, ಸರಿಯಾಗಿ ನಡೆಯುತ್ತಲೂ ಇರಲಿಲ್ಲ. ಆ ವಿಷಯದಲ್ಲಿ ಅದು ನಿಲ್ದಾಣದ ಉಳಿದ ಸಿಬ್ಬಂದಿಯ ಹಾಗೇ ಇತ್ತು.

ಗೊರಗೊರಪ್ಪನಿಗೆ ಮಾತ್ರ ತನ್ನ ದನಿಯ ಮೇಲೆ ಎಲ್ಲಿಲ್ಲದ ಅಭಿಮಾನ. ಕೆಲಸಕ್ಕೆ ಸೇರುವಾಗ ಎಷ್ಟೋ ಜನರನ್ನು ಬಿಟ್ಟು ಅವನನ್ನು ಆರಿಸಿದ್ದು ಆ ದನಿಗಾಗಿಯೇ. ಈಗ ಅದನ್ನು ಚೊಕ್ಕವಾಗಿ ಕೇಳುವ ಭಾಗ್ಯ ಉಳಿದಿದ್ದದ್ದು ಹೆಂಡತಿಯೊಬ್ಬಳಿಗೆ. ಅವಳಿಗೆ ಆ ಭಾಗ್ಯ ಸಾಕಾಗಿಹೋಗಿತ್ತು.

"ಗಮನಿಸಿ, ನನ್ನ ಕನ್ನಡಕ ಎಲ್ಲಿದೆ? ಗಮನಿಸಿ, ನನ್ನ ಕನ್ನಡಕ ಎಲ್ಲಿದೆ?" ಅಂದ ಅವನು ಆ ದಿನ ಬೆಳಿಗ್ಗೆ.

"ಒಂದ್ ಸಲ ಹೇಳಿದ್ರೆ ಸಾಕು ರೀ, ನಂಗೆ ಕಿವಿ ಚೆನ್ನಾಗೇ ಇದೆ. ನಿಮ್ಮ ತಲೆ ಮೇಲೇ ಇದೆ ನೋಡಿ" ಅಂದಳು ಹೆಂಡತಿ.

"ಇವತ್ತು ನಂಗೆ ತಲೆ ಎಲ್ಲಿದೆ ಅನ್ನೋದೇ ಗೊತ್ತಾಗ್ತಿಲ್ಲ ಕಣೆ. ಹೆಡ್ ಆಫೀಸಿಂದ ಮೇಡಂ ಬರ್ತಿದಾರೆ, ಅನೌನ್ಸ್‌ಮೆಂಟ್ ನೋಡೋಕೆ."

"ನೋಡೋಕೋ, ಕೇಳೋಕೋ?"

"ಅದೇ ಭಯ. ನೋಡಿದ್ರೆ ಪರವಾಗಿಲ್ಲ, ಕೇಳಿದ್ರೆ ಕಷ್ಟ."

ನಿಲ್ದಾಣ ತಲುಪುವಷ್ಟರಲ್ಲಿ ಆ ಭಯ ಇನ್ನಷ್ಟು ಬೆಳೆದಿತ್ತು. ಅದನ್ನು ಪೂರ್ತಿ ಬೆಳೆಸಿದವರು ಕಂಟ್ರೋಲರ್. ಬಸ್ಸುಗಳು ಬರುವುದನ್ನೂ ಹೋಗುವುದನ್ನೂ ನೋಡಿಕೊಳ್ಳುವುದು ಅವರ ಕೆಲಸ. ಬೇರೆಯವರ ಮನಸ್ಸು ಕೆಡಿಸುವುದು ಅವರು ಸಂಬಳವಿಲ್ಲದೆ ಮಾಡುತ್ತಿದ್ದ ಸೇವೆ.

"ಪಕ್ಕದೂರಿನ ನಿಲ್ದಾಣದಲ್ಲಿ ಮೆಷಿನ್ ತಂದು ಇಟ್ಟಿದಾರೆ, ಗೊತ್ತಲ್ಲ? ಬಸ್ ಬಂದ ತಕ್ಷಣ ಅದೇ ಹೇಳುತ್ತಂತೆ" ಅಂದರು ಕಂಟ್ರೋಲರ್, ಮೆಟ್ಟಿಲಿಗೆ ಒರಗಿ.

"ಅಲ್ಲಿದ್ದ ಅನೌನ್ಸರ್ ಏನಾದ?"

"ಲಗೇಜ್ ರೂಮಿಗೆ ಹಾಕಿದ್ರು. ಮೂಟೆಗೆ ಚೀಟಿ ಅಂಟಿಸ್ತಾ ಇದಾನೆ. ಕಿಟಕಿ ಇಲ್ಲ, ಫ್ಯಾನ್ ಇಲ್ಲ, ಮಾತಾಡ್ಸೋರಿಲ್ಲ. ಮೊನ್ನೆ ಸಿಕ್ಕಿದ್ದ, ಯಾವುದೋ ಮೂಟೆಗೆ ನಮಸ್ಕಾರ ಅಂದ್ನಂತೆ. ಪಾಪ."

ಗೊರಗೊರಪ್ಪ ಮೆಟ್ಟಿಲು ಹತ್ತಿ ತನ್ನ ಕೋಣೆಗೆ ಹೋದ. ಟಿಕೆಟ್ ಕೌಂಟರಿನ ಮೇಲೆ ಮೂರು ಕಡೆ ಗಾಜು ಹಾಕಿದ ಪುಟ್ಟ ಕೋಣೆ ಅದು. ಒಂದು ಮೇಜು, ಒಂದು ಆಂಪ್ಲಿಫೈಯರ್ ಪೆಟ್ಟಿಗೆ, ಕತ್ತು ಬಗ್ಗಿಸಿದ ಒಂದು ಮೈಕು, ಹೆಂಡತಿ ಹೊಲಿದುಕೊಟ್ಟ ದಿಂಬಿದ್ದ ಕುರ್ಚಿ. ಅಲ್ಲಿ ಕೂತರೆ ಇಡೀ ನಿಲ್ದಾಣ ಕಾಲಡಿಯಲ್ಲಿ. ಆ ಕುರ್ಚಿ ಬಿಟ್ಟು ಲಗೇಜ್ ರೂಮಿಗೆ ಹೋಗಬೇಕು ಅನ್ನುವುದನ್ನು ನೆನೆದು ಅವನು ದಿಂಬಿನ ಮೇಲೆ ಇನ್ನಷ್ಟು ಒತ್ತಿ ಕೂತ. ಹೋದ ವರ್ಷವೂ ಹೆಡ್ ಆಫೀಸಿನಿಂದ ಕನ್ನಡಕದ ಒಬ್ಬ ಇಂಜಿನಿಯರ್ ಬಂದಿದ್ದ. ಕಿವಿಗೆ ದಪ್ಪನೆಯ ಹೆಡ್‌ಫೋನ್ ಹಾಕಿಕೊಂಡು, ಮೈಕಿಗೆ ಏನೋ ಪೆಟ್ಟಿಗೆ ಜೋಡಿಸಿ, ಅರ್ಧ ದಿನ ಬಸ್ಸುಗಳ ಹೆಸರು ಓದಿಸಿ, ತಲೆನೋವಿನ ಮಾತ್ರೆ ನುಂಗಿಕೊಂಡು ಹೋಗಿದ್ದ. ಅವನು ಯಾಕೆ ಬಂದ, ಯಾಕೆ ಹೋದ ಅಂತ ಯಾರಿಗೂ ತಿಳಿದಿರಲಿಲ್ಲ. ಈ ಸಲ ಇನ್ನೂ ದೊಡ್ಡವರು ಬರುತ್ತಿದ್ದಾರೆ. ಅವರ ಕಿವಿಗೆ ಗೊರಗೊರ ಬಿದ್ದರೆ ತನ್ನ ಕತೆ ಮುಗಿಯಿತು.

ಅವನು ಪ್ಲಗ್ಗನ್ನು ಕಿತ್ತು, ರೂಢಿಯಂತೆ ಕೆನ್ನೆ ಉಬ್ಬಿಸಿದ.

"ಅದಕ್ಕೆ ಊದೋದಲ್ಲ ಅಣ್ಣ, ಹುಳಿ ಬಿಡ್ಬೇಕು" ಅಂತ ಬಾಗಿಲಲ್ಲಿ ದನಿ ಕೇಳಿತು. ಟೀ ಅಂಗಡಿಯವನು ಬೆಳಗಿನ ಲೋಟ ತಂದಿದ್ದ. "ನಮ್ಮ ಹಿತ್ತಾಳೆ ಪಾತ್ರೆ ಎಲ್ಲ ನಿಂಬೆಹಣ್ಣಲ್ಲೇ ಫಳಫಳ ಅನ್ನೋದು. ಇರಿ, ತರ್ತೀನಿ."

ತಂದ. ಗೊರಗೊರಪ್ಪ ಆಂಪ್ಲಿಫೈಯರಿನ ಸ್ವಿಚ್ಚು ಆರಿಸಿ, ಮೂರು ತೂತಿಗೂ ನಿಂಬೆರಸ ಬಿಟ್ಟು, ಪ್ಲಗ್ಗನ್ನು ಕಿಟಕಿಯ ಅಂಚಿನ ಮೇಲೆ ನಿಲ್ಲಿಸಿದ. ಅಷ್ಟರಲ್ಲಿ ಕೆಳಗೆ ಆಸ್ಪತ್ರೆ ಬಸ್ಸು ಬಂತು. ಮೈಕಿಲ್ಲ. ಅವನು ಗಾಜು ಸರಿಸಿ, ತಲೆ ಹೊರಗೆ ಹಾಕಿ, ಬರಿ ಬಾಯಲ್ಲೇ ಕೂಗಿದ. ಕೆಳಗೆ ಬೆಂಚಿನ ಮೇಲಿದ್ದ ಅಜ್ಜಿಯೊಬ್ಬರು ಮೇಲೆ ನೋಡಿ, "ಯಾರೋ ಪಾಪ, ಬಸ್ ತಪ್ಪಿಸ್ಕೊಂಡು ಬಡ್ಕೋತಾ ಇದಾರೆ" ಅಂತ ಪಕ್ಕದವರಿಗೆ ಹೇಳಿದರು. ಪಕ್ಕದವರು ಲೊಚಗುಟ್ಟಿದರು. ಬಸ್ಸಿಗೆ ಯಾರೂ ಹತ್ತಲಿಲ್ಲ.

ತಲೆ ಒಳಗೆ ಎಳೆದುಕೊಂಡಾಗ ಕಿಟಕಿಯ ಅಂಚಿನಲ್ಲಿ ಕಪ್ಪನೆಯ ಗೆರೆಯೊಂದು ಕಾಣಿಸಿತು. ಗೆರೆ ನಡೆಯುತ್ತಿತ್ತು. ಇರುವೆಗಳು ಸಾಲುಗಟ್ಟಿ ಬಂದು ಒಂದೊಂದಾಗಿ ಪ್ಲಗ್ಗಿನ ತೂತಿನೊಳಗೆ ಇಳಿಯುತ್ತಿದ್ದವು, ಮದುವೆ ಮನೆಯ ಊಟದ ಪಂಕ್ತಿಗೆ ನುಗ್ಗುವವರ ಹಾಗೆ.

"ಏನಪ್ಪಾ ಇದು, ಬರೀ ನಿಂಬೆರಸ ತಾನೆ ಕೊಟ್ಟಿದ್ದು?" ಅಂದ ಗೊರಗೊರಪ್ಪ.

ಟೀ ಅಂಗಡಿಯವನು ಬಗ್ಗಿ ನೋಡಿದ. "ಜ್ಯೂಸಿಗೆ ಅಂತ ಹಿಂಡಿಟ್ಟಿದ್ದು ಅಣ್ಣ. ಸಕ್ಕರೆ ಬಿದ್ದಿತ್ತು ಅನ್ಸುತ್ತೆ. ಸ್ವಲ್ಪವೇ."

ಸುದ್ದಿ ಕೆಳಗೆ ಹರಡಿತು. ಮೊದಲು ಹತ್ತಿ ಬಂದವರು ಮೇಷ್ಟ್ರು. ನಿವೃತ್ತರಾದ ವಿಜ್ಞಾನದ ಮೇಷ್ಟ್ರು ಅವರು. ಎಲ್ಲಿಗೂ ಹೋಗುವುದಿಲ್ಲವಾದರೂ ದಿನವೂ ನಿಲ್ದಾಣಕ್ಕೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಮನೆಯಲ್ಲಿ ಅವರಿಗೆ ಪಾಠ ಹೇಳಲು ಯಾರೂ ಸಿಗುತ್ತಿರಲಿಲ್ಲ, ಇಲ್ಲಿ ಬಸ್ಸು ತಡವಾದವರು ಸಿಗುತ್ತಿದ್ದರು. ಅವರ ಹಿಂದೆಯೇ ಪಾರ್ಸೆಲ್ ಕೌಂಟರಿನ ಅಕ್ಕ ಬಂದಳು. ಅವಳ ಹಿಂದೆ, ಏನು ಕೆಟ್ಟಿದೆ ಅಂತ ನೋಡಲು ಕಂಟ್ರೋಲರ್.

"ಹುಳಿ ಹಾಕಿದ ಮೇಲೆ ಸೋಡಾ ಹಾಕ್ಬೇಕು. ಹುಳಿಗೆ ಕ್ಷಾರ. ಏಳನೇ ಕ್ಲಾಸಿನ ಪಾಠ" ಅಂದರು ಮೇಷ್ಟ್ರು.

"ಹಾಕಿದ್ರೆ ಹೋಗುತ್ತಾ ಮೇಷ್ಟ್ರೇ?"

"ಹೋಗ್ದೆ ಏನು. ಹುಳಿ ಇರಲ್ಲ, ಕ್ಷಾರ ಇರಲ್ಲ, ಬರೀ ಉಪ್ಪು ನೀರು ಉಳಿಯುತ್ತೆ."

ಟೀ ಅಂಗಡಿಯಿಂದ ಅಡಿಗೆ ಸೋಡಾ ಬಂತು. ಪ್ಲಗ್ಗನ್ನು ಮೇಜಿಗೆ ತಂದು ಚಿಟಿಕೆ ಹಾಕಿದ್ದೇ ತಡ, ಮೂರು ತೂತಿನಿಂದಲೂ ನೊರೆ ಉಕ್ಕಿ, ಮೇಜಿನ ಮೇಲೆ ಹರಿದು, ಕುರ್ಚಿಯ ದಿಂಬಿನ ಮೇಲೆ ತೊಟ್ಟಿಕ್ಕಿತು. ನೊರೆಯ ಮೇಲೆ ಇರುವೆಗಳು ತೇಲಿ ಬಂದವು. ಮೇಷ್ಟ್ರು ಬಹಳ ಸಂತೋಷದಿಂದ ನೋಡಿದರು. ಪಾಠ ಸರಿಯಾಗಿತ್ತು. ಆದರೆ ಗೊರಗೊರಪ್ಪ ಬೆಂಕಿಕಡ್ಡಿಯ ತುದಿಯಿಂದ ಒಳಗೆ ಕೆರೆದು ನೋಡಿದರೆ ಅದು ಹಸಿರಾಗಿಯೇ ಹೊರಗೆ ಬಂತು. ಮೇಲಾಗಿ, ಕಡ್ಡಿ ದಪ್ಪವಾದ್ದರಿಂದ ಅದು ತೂತಿನ ಬಾಗಿಲ ತನಕ ಹೋಗಿ ವಾಪಸು ಬಂದಿತ್ತು ಅಷ್ಟೆ. ನಿಜವಾದ ಕಿಲುಬು ಇನ್ನೂ ಒಳಗಿತ್ತು.

"ಉಗುರಿನ ಬಣ್ಣ ತೆಗೆಯೋ ನೀರಿದೆ ನನ್ನ ಹತ್ರ. ಅದಕ್ಕೆ ಹೋಗ್ದೆ ಇರೋ ಕೊಳೆ ಇಲ್ಲ" ಅಂದಳು ಪಾರ್ಸೆಲ್ ಅಕ್ಕ, ಬ್ಯಾಗಿನಿಂದ ಸೀಸೆ ತೆಗೆಯುತ್ತ. ಜೊತೆಗೆ ತಲೆಯಿಂದ ಒಂದು ಹೇರ್‌ಪಿನ್ನನ್ನೂ ಕಿತ್ತು ಕೊಟ್ಟಳು.

ಆ ನೀರು ಕಿಲುಬಿಗೆ ಏನೂ ಮಾಡಲಿಲ್ಲ. ಪ್ಲಗ್ಗಿನ ಮೇಲಿನ ಕಪ್ಪು ಪ್ಲಾಸ್ಟಿಕ್ ಕವಚ ಮಾತ್ರ ಬೆಲ್ಲದಂತೆ ಮೆತ್ತಗಾಗಿ ಗೊರಗೊರಪ್ಪನ ಹೆಬ್ಬೆರಳಿಗೆ ಅಂಟಿಕೊಂಡಿತು. ಬಿಡಿಸಿದಾಗ ಅವನ ಬೆರಳಚ್ಚು ಅದರ ಮೇಲೆ ಶಾಶ್ವತವಾಗಿ ಉಳಿಯಿತು.

"ಆ ನೀರು ಪ್ಲಾಸ್ಟಿಕ್ಕಿಗೆ ಆಗಲ್ಲ ಅಂತ ಹೇಳೋಣ ಅಂತಿದ್ದೆ" ಅಂದರು ಮೇಷ್ಟ್ರು.

"ಯಾವಾಗ ಹೇಳೋಣ ಅಂತಿದ್ರಿ?"

"ನೀವು ಹಾಕಿ ಮುಗಿಸ್ಲಿ ಅಂತ ಕಾಯ್ತಿದ್ದೆ. ಮಧ್ಯೆ ಮಾತಾಡೋದು ನನ್ನ ಸ್ವಭಾವ ಅಲ್ಲ."

ಕಂಟ್ರೋಲರ್ ಸುಮ್ಮನೆ ನಿಂತಿರಲಾರದೆ ಹೇರ್‌ಪಿನ್ ತೆಗೆದುಕೊಂಡು ತಾವೇ ಒಂದು ಕೈ ನೋಡಿದರು. ಅದರ ತುದಿಯ ಕರಿ ಬಣ್ಣ ಉದುರಿ ಒಳಗೇ ಉಳಿಯಿತು. "ಇದು ಆಗೋ ಕೆಲಸ ಅಲ್ಲ ಬಿಡ್ರಿ. ಲಗೇಜ್ ರೂಮೂ ಅಷ್ಟೇನು ಕೆಟ್ಟದಲ್ಲ. ಬೇಸಿಗೆಯಲ್ಲಿ ತಂಪಿರುತ್ತೆ" ಅಂತ ಸಮಾಧಾನ ಹೇಳಿ ಊಟಕ್ಕೆ ಹೊರಟರು. ಊಟದ ಮಾತು ಕೇಳಿ ಉಳಿದವರಿಗೂ ಹಸಿವಾಯಿತು. ಎಲ್ಲರೂ ಇಳಿದು ಹೋದರು.

ಕೋಣೆಯಲ್ಲಿ ಒಬ್ಬನೇ ಉಳಿದ ಗೊರಗೊರಪ್ಪನಿಗೆ ಅಳು ಬಂತು. ಅತ್ತರೆ ಗಂಟಲು ಕಟ್ಟುತ್ತದೆ ಅಂತ ನೆನಪಾಗಿ ತಡೆದುಕೊಂಡ. ಊಟದ ಡಬ್ಬಿಯನ್ನು ತೆರೆಯಲಿಲ್ಲ. ಮೇಜಿನ ಮೇಲಿದ್ದ ಪೆನ್ಸಿಲನ್ನು ಸುಮ್ಮನೆ ತಿರುಗಿಸುತ್ತ ಕೂತವನಿಗೆ ಅದರ ಹಿಂದಿನ ರಬ್ಬರು ಕಣ್ಣಿಗೆ ಬಿತ್ತು. ಆ ರಬ್ಬರು ಕಾಗದದ ಮೇಲಿನ ಪೆನ್ಸಿಲ್ ಗೆರೆಯನ್ನು ಉಜ್ಜುತ್ತದೆ ಅಂದ ಮೇಲೆ ತಾಮ್ರದ ಮೇಲಿನ ಕಿಲುಬನ್ನು ಯಾಕೆ ಉಜ್ಜಬಾರದು?

ಮೂಲೆಯ ಪೊರಕೆಯಿಂದ ಗಟ್ಟಿಯಾದ ಒಂದು ಕಡ್ಡಿ ಎಳೆದ. ಬ್ಲೇಡಿನಿಂದ ರಬ್ಬರನ್ನು ಸೀಳಿ, ಅಕ್ಕಿಕಾಳಿಗಿಂತ ಸಣ್ಣ ಚೂರು ಮಾಡಿ, ಕಡ್ಡಿಯ ತುದಿಗೆ ಗೋಂದು ಹಚ್ಚಿ ಕೂರಿಸಿದ. ಗೋಂದು ಆರುವ ತನಕ ಕಾದ. ಕಡ್ಡಿ ಮೊದಲನೇ ತೂತಿನೊಳಗೆ ಸಲೀಸಾಗಿ ಇಳಿಯಿತು. ಎರಡು ಬೆರಳಲ್ಲಿ ಹಿಡಿದು ಬಲಕ್ಕೊಮ್ಮೆ ಎಡಕ್ಕೊಮ್ಮೆ ಮೆಲ್ಲಗೆ ತಿರುಗಿಸಿದ. ಹೊರಗೆ ತೆಗೆದಾಗ ರಬ್ಬರಿನ ತುದಿ ಕಡು ಹಸಿರು. ಗೊರಗೊರಪ್ಪನಿಗೆ ಎದೆ ಹಗುರಾಯಿತು. ಹೊಸ ಚೂರು ಕೂರಿಸಿದ, ತಿರುಗಿಸಿದ. ಇನ್ನೊಂದು ಕಡ್ಡಿಗೆ ನೂಲು ಸುತ್ತಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿದ್ದ ಸ್ಪಿರಿಟ್ಟಿನಲ್ಲಿ ಅದ್ದಿ, ನಿಂಬೆ, ಸಕ್ಕರೆ, ಸೋಡಾ, ಕರಿ ಬಣ್ಣ, ಇರುವೆ ಕಾಲು ಎಲ್ಲವನ್ನೂ ಒರೆಸಿ ತೆಗೆದ. ಕೊನೆಗೆ ಟಾರ್ಚು ಬಿಟ್ಟು ನೋಡಿದರೆ ಮೂರು ತೂತಿನ ಆಳದಲ್ಲೂ ಹೊಸ ಪಾತ್ರೆಯ ಹೊಳಪು.

ಅಂಥ ಹೊಳಪನ್ನು ಕಂಡ ಮೇಲೆ, ಸ್ಪಿರಿಟ್ಟು ಬೇಗ ಆರಲಿ ಅಂತ, ಅವನ ಕೆನ್ನೆ ತಾನಾಗಿಯೇ ಉಬ್ಬಿತು.

ಊಟ ಮುಗಿಸಿ ಬಂದ ಮೇಷ್ಟ್ರು ಓಡಿ ಬಂದು ಅವನ ಎರಡೂ ಕೆನ್ನೆ ಅದುಮಿ ಹಿಡಿದರು. "ಊದ್ಬೇಡಿ. ನೀವು ಊದೋ ಉಸಿರಲ್ಲಿ ನೀರಿದೆ, ನೀರಿದ್ರೆ ಕಿಲುಬು ಬರುತ್ತೆ. ಇಷ್ಟು ವರ್ಷ ಇದನ್ನ ಕೆಡಿಸಿದ್ದು ನಿಮ್ಮ ಬಾಯೇ."

"ಇದನ್ನಾದ್ರೂ ಮೊದಲೇ ಹೇಳ್ಬಾರ್ದಿತ್ತಾ ಮೇಷ್ಟ್ರೇ?" ಅಂದ ಗೊರಗೊರಪ್ಪ, ಅದುಮಿದ ಬಾಯಲ್ಲಿ.

"ನೀವು ಕೇಳ್ಲಿಲ್ವಲ್ಲ."

ಪ್ಲಗ್ಗು ತಾನಾಗಿ ಆರಿತು. ಗೊರಗೊರಪ್ಪ ಅದನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿ, ಸ್ವಿಚ್ಚು ಹಾಕಿ, ಮೈಕಿನ ಮುಂದೆ ನೆಟ್ಟಗೆ ಕೂತ. ಕೆಳಗೆ ಎಡಗಡೆಯ ಅಂಕಣಕ್ಕೆ ಗಿರಣಿ ಬಸ್ಸು ಬರುತ್ತಿತ್ತು.

"ಪ್ರಯಾಣಿಕರ ಗಮನಕ್ಕೆ. ಗಿರಣಿ ಮಾರ್ಗದ ಬಸ್ಸು ಒಂದನೇ ಅಂಕಣದಲ್ಲಿ ನಿಂತಿದೆ."

ಗಂಟೆ ಬಾರಿಸಿದಷ್ಟು ಶುದ್ಧವಾಗಿ, ತುಪ್ಪದಷ್ಟು ನುಣುಪಾಗಿ ಆ ದನಿ ಇಡೀ ನಿಲ್ದಾಣವನ್ನು ತುಂಬಿತು. ಟೀ ಅಂಗಡಿಯವನು ಲೋಟ ತೊಳೆಯುವುದನ್ನು ನಿಲ್ಲಿಸಿದ. ಬೆಂಚುಗಳ ಮೇಲಿದ್ದವರು ತಲೆ ಎತ್ತಿ, ಯಾರಿದು ಇಷ್ಟು ಚೆನ್ನಾಗಿ ಮಾತಾಡುತ್ತಿರುವುದು ಅಂತ ಕೇಳಿ ಆನಂದಿಸಿದರು. ಆನಂದಿಸುತ್ತ ಅಲ್ಲೇ ಕೂತರು. ಗಿರಣಿ ಬಸ್ಸಿಗೆ ಒಬ್ಬರೂ ಹತ್ತಲಿಲ್ಲ.

ಗೊರಗೊರಪ್ಪ ಇನ್ನೊಮ್ಮೆ ಹೇಳಿದ. ಇನ್ನೂ ಚೆನ್ನಾಗಿ ಹೇಳಿದ. ಆಸ್ಪತ್ರೆ ಬಸ್ಸು ಬಂತು, ಬಂದರಿನ ಬಸ್ಸು ಬಂತು. ಎಲ್ಲವನ್ನೂ ಹೇಳಿದ. ಮೂರು ಬಸ್ಸೂ ಖಾಲಿ ನಿಂತಿದ್ದವು. ಬೆಂಚುಗಳು ತುಂಬಿದ್ದವು. ಡ್ರೈವರುಗಳು ಹಾರ್ನ್ ಹೊಡೆಯತೊಡಗಿದರು.

ಕಂಟ್ರೋಲರ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. "ಏನ್ರೀ ಮಾಡ್ಬಿಟ್ರಿ? ಜನ ಏಳ್ತಾನೇ ಇಲ್ಲ. ಬಸ್ ಬಂದಿದೆ ಹೋಗ್ರಿ ಅಂದ್ರೆ, ಇನ್ನೂ ನಮ್ಮ ಗೊರಗೊರ ಆಗಿಲ್ಲ ಅಂತಾರೆ."

ಆಗ ಗೊರಗೊರಪ್ಪನಿಗೆ ಒಂದು ಸತ್ಯ ತಿಳಿಯಿತು. ಊರಿನವರು ಇಷ್ಟು ವರ್ಷ ಅವನ ಮಾತಿಗಾಗಿ ಕಾದವರೇ ಅಲ್ಲ. ಎಡಗಡೆಯ ಬಸ್ಸು ನೋಡಲು ಅವನು ಎಡಕ್ಕೆ ವಾಲಿದಾಗ ಮೈಕಿನ ತಂತಿ ಎಳೆದು ಪ್ಲಗ್ಗು ಒಂದು ಬಗೆಯಲ್ಲಿ ಗೊರಗುಟ್ಟುತ್ತಿತ್ತು. ಬಲಕ್ಕೆ ವಾಲಿದಾಗ ಇನ್ನೊಂದು ಬಗೆ. ಎರಡು ಗೊರ್, ಒಂದು ಟಪ್ ಅಂದರೆ ಗಿರಣಿ. ಎಳೆದ ಒಂದೇ ಗೊರ್ ಅಂದರೆ ಆಸ್ಪತ್ರೆ. ಕಿರ್ ಅಂದು ಎರಡು ಟಪ್ ಅಂದರೆ ಬಂದರು. ಸಂಜೆ ಅವನ ಮನೆಯ ಕಡೆ ಹೋಗುವ ಕಾಲುವೆ ಬಸ್ಸಿಗೆ ಒಂದು ಗೊರ್, ಒಂದು ಕೆಮ್ಮು. ದಿನವಿಡೀ ಕೂಗಿ ಗಂಟಲು ಕೆರೆದು ಅವನು ಕೆಮ್ಮುತ್ತಿದ್ದದ್ದನ್ನೂ ಜನ ಬಸ್ಸಿನ ಹೆಸರಿಗೇ ಸೇರಿಸಿಕೊಂಡಿದ್ದರು. ಅದನ್ನು ಮಕ್ಕಳು ಹಿರಿಯರಿಂದ ಕಲಿತಿದ್ದರು. ಕಲಿಯದವನು ಅವನೊಬ್ಬನೇ. ಈಗ ಕಂಟ್ರೋಲರ್ ಬೆರಳು ಮಡಚಿ ಒಂದೊಂದನ್ನೂ ಹೇಳಿಕೊಟ್ಟರು.

"ಮೇಡಂ ಜೀಪು" ಅಂದಳು ಪಾರ್ಸೆಲ್ ಅಕ್ಕ, ಬಾಗಿಲಿಂದ.

ಜೀಪು ಗೇಟಿನೊಳಗೆ ಬಂದಿತ್ತು. ಖಾಲಿ ಬಸ್ಸುಗಳು, ತುಂಬಿದ ಬೆಂಚುಗಳು, ಹಾರ್ನುಗಳ ಗದ್ದಲ ಇವುಗಳ ನಡುವೆ ಮೇಡಂ ಇಳಿದು ಸುತ್ತ ನೋಡುತ್ತಿದ್ದರು. ಗೊರಗೊರಪ್ಪನಿಗೆ ಲಗೇಜ್ ರೂಮಿನ ವಾಸನೆ ಮೂಗಿಗೇ ಬಡಿದಂತಾಯಿತು. ಬೇರೆ ದಾರಿ ಇರಲಿಲ್ಲ. ಮೈಕಿಗೆ ಬಾಯಿ ಹತ್ತಿರ ತಂದು, ಸ್ಪಷ್ಟವಾಗಿ ಗಿರಣಿ ಬಸ್ಸಿನ ಹೆಸರು ಹೇಳಿ, ಬೆನ್ನಿಗೇ ಗಂಟಲಿನಿಂದ "ಗೊರ್, ಗೊರ್" ಅಂದು, ನಾಲಿಗೆಯಿಂದ "ಟಪ್" ಅಂದ.

ಬೆಂಚುಗಳಿಂದ ಜನ ಎದ್ದರು. ಎದ್ದು ಚೀಲ ಹಿಡಿದು ಗಿರಣಿ ಬಸ್ಸಿನ ಕಡೆ ನಡೆದರು. ಅವನು ಆಸ್ಪತ್ರೆಯದನ್ನು ಎಳೆದ, ಬಂದರಿನದನ್ನು ಕಿರ್ ಅನ್ನಿಸಿದ. ಅಜ್ಜಿ ಕೂಡ ಎದ್ದು, "ಈಗ ನೋಡು, ಸರಿಯಾಗಿ ಹೇಳ್ದ" ಅಂತ ಆಸ್ಪತ್ರೆ ಬಸ್ಸು ಹತ್ತಿದರು. ಮೂರು ಬಸ್ಸೂ ತುಂಬಿಕೊಂಡು ಹೊರಟವು.

ಮೇಡಂ ಮೆಟ್ಟಿಲು ಹತ್ತಿ ಬಂದಾಗ ಗೊರಗೊರಪ್ಪ ಎದ್ದು ನಿಂತಿದ್ದ.

"ಈ ದನಿ ನಿಮ್ದಾ?" ಅಂದರು ಮೇಡಂ.

"ಹೌದು ಮೇಡಂ. ತಪ್ಪಾಗಿದ್ರೆ ಕ್ಷಮಿಸ್ಬೇಕು."

"ತಪ್ಪಾ? ಇಂಥ ದನಿ ನಾನು ಯಾವ ನಿಲ್ದಾಣದಲ್ಲೂ ಕೇಳಿಲ್ಲ ಕಣ್ರೀ. ಹೋದ ವರ್ಷ ನಮ್ಮ ಇಂಜಿನಿಯರ್ ಬಂದಾಗ ಬರೀ ಕರಕರ ಅಂತಿತ್ತಂತಲ್ಲ?"

"ಪ್ಲಗ್ಗಲ್ಲಿ ಕಿಲುಬು ಇತ್ತು ಮೇಡಂ. ಇವತ್ತು ನಾನೇ ತೆಗೆದೆ. ಪೊರಕೆ ಕಡ್ಡಿಯಲ್ಲಿ."

"ಸೋಡಾ ನಾನು ಹೇಳಿದ್ದು" ಅಂದರು ಮೇಷ್ಟ್ರು.

"ನಿಂಬೆಹಣ್ಣು ನಂದು" ಅಂದ ಟೀ ಅಂಗಡಿಯವನು.

ಮೇಡಂ ಎಲ್ಲರಿಗೂ ತಲೆ ಆಡಿಸಿ, ಡ್ರೈವರನ್ನು ಕೂಗಿ ಜೀಪಿನಿಂದ ಒಂದು ಪೆಟ್ಟಿಗೆ ತರಿಸಿದರು. ಅದನ್ನು ಮೇಜಿನ ಮೇಲಿಟ್ಟು, ಮೈಕಿನ ಪ್ಲಗ್ಗನ್ನು ಅದಕ್ಕೆ ಸಿಕ್ಕಿಸಿದರು. "ಒಂದು ಕೆಲಸ ಮಾಡಿ. ಈ ನಿಲ್ದಾಣದಿಂದ ಹೋಗೋ ಎಲ್ಲ ಬಸ್ಸಿನ ಹೆಸರೂ ಒಂದ್ಸಲ ಹೇಳಿ, ಕೇಳೋಣ. ನಿಮ್ಮ ದನಿ ಹಾಗೇ ಕಾಪಾಡಿ ಇಡ್ಬೇಕು."

ಗೊರಗೊರಪ್ಪನ ಕಣ್ಣು ತುಂಬಿತು. ಎಷ್ಟೋ ವರ್ಷದ ಮೇಲೆ ಒಬ್ಬರು ಅವನ ದನಿಯನ್ನು ದನಿ ಅಂದಿದ್ದರು. ತನ್ನ ದನಿಯನ್ನು ಹೆಡ್ ಆಫೀಸಿನಲ್ಲಿ ದೊಡ್ಡವರಿಗೆಲ್ಲ ಕೇಳಿಸುತ್ತಾರೆ, ಹಾಗಾದರೆ ಈ ಕುರ್ಚಿಯನ್ನು ಇನ್ನು ಯಾರೂ ಅಲುಗಿಸಲಾರರು ಅಂದುಕೊಂಡ. ನೀರು ಕುಡಿದು, ಬೆನ್ನು ನೆಟ್ಟಗೆ ಮಾಡಿ, ಓದಲು ಶುರು ಮಾಡಿದ. ಒಂದೊಂದು ಊರಿನ ಹೆಸರನ್ನೂ ಅಲ್ಲೇ ಹುಟ್ಟಿದವನ ಹಾಗೆ ಪ್ರೀತಿಯಿಂದ ಹೇಳಿದ. ತಡವಾದರೆ ಹೇಳುವ ಕ್ಷಮೆಯ ಮಾತಿಗೆ ನಿಜವಾದ ದುಃಖ ತಂದ. ಕಂಟ್ರೋಲರ್ ಕೂಡ, ಇಷ್ಟು ದಿನ ಎಲ್ಲಿತ್ತು ಈ ಗಂಟಲು ಅಂತ ಬೆರಗಾದರು.

"ನಾನು ಬಂದಾಗ ಕೊನೆಯಲ್ಲಿ ಏನೋ ಗೊರ್ ಅಂದ್ರಲ್ಲ, ಅದು?" ಅಂತ ಕೇಳಿದರು ಮೇಡಂ.

ಕಂಟ್ರೋಲರ್ ವಿವರಿಸಿದರು. ಅದಿಲ್ಲದಿದ್ದರೆ ಜನ ಏಳುವುದಿಲ್ಲ ಅಂದರು.

"ಹಾಗಾದ್ರೆ ಅದೂ ಇರಲಿ. ಒಂದೊಂದಕ್ಕೂ ಮಾಡಿ."

ಅವನು ಮಾಡಿದ. ಮಾಡುವಾಗ ಮೇಷ್ಟ್ರು, "ಗಿರಣಿಗೆ ಎರಡು ಗೊರ್, ಈಗ ನೀವು ಮೂರು ಅಂದ್ರಿ" ಅಂತ ತಿದ್ದಿದರು. ಕಾಲುವೆ ಬಸ್ಸಿಗೆ ಕೆಮ್ಮು ಬೇಕೋ ಬೇಡವೋ ಅಂತ ಚರ್ಚೆಯಾಗಿ, ಬೇಕು ಅಂತ ತೀರ್ಮಾನವಾಯಿತು. ಗೊರಗೊರಪ್ಪ ಕೆಮ್ಮಿದ.

ಎಲ್ಲ ಮುಗಿಯುವಷ್ಟರಲ್ಲಿ ಸಂಜೆಯಾಗಿತ್ತು. ಮೇಡಂ ಪೆಟ್ಟಿಗೆಯಿಂದ ಪ್ಲಗ್ಗನ್ನು ಕಿತ್ತು, ಮೈಕಿನ ತಂತಿಯನ್ನು ಮೈಕಿನಿಂದ ಬಿಡಿಸಿ, ಅದೇ ತಂತಿಯಿಂದ ಪೆಟ್ಟಿಗೆಯನ್ನು ಆಂಪ್ಲಿಫೈಯರಿಗೆ ಜೋಡಿಸಿದರು. ಮೈಕು ಬರಿದಾಗಿ ಮೇಜಿನ ಮೇಲೆ ಕತ್ತು ಬಗ್ಗಿಸಿ ನಿಂತಿತು. ಪೆಟ್ಟಿಗೆಯ ಮೇಲೆ ಸಣ್ಣ ಹಸಿರು ದೀಪ ಹತ್ತಿತು. ಮೇಡಂ ಒಂದು ಗುಂಡಿ ಒತ್ತಿದರು.

"ಪ್ರಯಾಣಿಕರ ಗಮನಕ್ಕೆ" ಅಂದಿತು ಗೊರಗೊರಪ್ಪನ ದನಿ. ಗೊರಗೊರಪ್ಪ ಬಾಯಿ ಮುಚ್ಚಿಕೊಂಡೇ ಇದ್ದ.

"ಇದು... ಮೆಷಿನ್ನಾ ಮೇಡಂ?"

"ಹೂಂ. ನಿಮ್ಮ ಪುಣ್ಯಕ್ಕೆ ಜೀಪಲ್ಲೇ ಇತ್ತು, ಬೇರೆ ಊರಿಗೆ ಅಂತ ಹೊರಟಿದ್ದೆ. ಆಯಾ ನಿಲ್ದಾಣದ ದನೀನ ಆಯಾ ಮೈಕಲ್ಲೇ ಹಿಡೀಬೇಕು ಅಂತ ನಮ್ಮಲ್ಲಿ ನಿಯಮ. ನಿಮ್ಮ ಮೈಕಲ್ಲಿ ಬರೀ ಗೊರಗೊರ ಬರುತ್ತೆ, ಇಲ್ಲಿ ಮೆಷಿನ್ ಇಡೋಕೇ ಆಗಲ್ಲ, ಈ ನಿಲ್ದಾಣ ಕೈಬಿಡಿ ಅಂತ ಇಂಜಿನಿಯರ್ ಹೇಳಿಬಿಟ್ಟಿದ್ದ. ನಾನು ಇವತ್ತು ಬಂದಿದ್ದೂ ಅದಕ್ಕೇ. ಮೆಷಿನ್ ಬರಲ್ಲ, ರಿಟೈರ್ ಆಗೋವರೆಗೂ ಇದೇ ಕುರ್ಚಿ ನಿಮ್ದು ಅಂತ ಹೇಳಿ ಹೋಗೋಣ ಅಂತ." ಮೇಡಂ ಮನಸಾರೆ ನಕ್ಕರು. "ನೀವು ನೋಡಿದ್ರೆ ಪೊರಕೆ ಕಡ್ಡಿಯಲ್ಲಿ ಕೆಲಸ ಮುಗಿಸಿಬಿಟ್ಟಿದೀರಿ. ನಿಮ್ಮಂಥೋರು ಬೇಕು ನಮಗೆ. ನಾಳೆಯಿಂದ ಲಗೇಜ್ ರೂಮಿಗೆ ಬನ್ನಿ. ವಾರಕ್ಕೊಂದ್ಸಲ ಮಾತ್ರ ಇಲ್ಲಿಗೆ ಬಂದು ಈ ಪ್ಲಗ್ ಕ್ಲೀನ್ ಮಾಡಿ ಹೋಗಿ, ಬೇರೆ ಯಾರಿಗೂ ಅದು ಬರಲ್ಲ."

ಜೀಪು ಹೋಯಿತು. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದು, ಈ ಸಲ ನಿಜವಾಗಿಯೂ ಮಧ್ಯೆ ಮಾತಾಡದೆ ಇಳಿದು ಹೋದರು. ಕಂಟ್ರೋಲರ್, "ಬೇಸಿಗೆಯಲ್ಲಿ ತಂಪಿರುತ್ತೆ ರೀ" ಅಂತ ಮತ್ತೊಮ್ಮೆ ಅಂದು ಅವರೂ ಹೋದರು.

ಗೊರಗೊರಪ್ಪ ಕುರ್ಚಿಯ ದಿಂಬನ್ನು ಎತ್ತಿ ಚೀಲಕ್ಕೆ ಹಾಕಿಕೊಂಡ. ಅದು ಇನ್ನೂ ಸೋಡಾದಿಂದ ಒದ್ದೆಯಾಗಿತ್ತು. ಅವನಿಗೆ ಹೊಟ್ಟೆ ಉರಿಯಿತು. ಮೆಷಿನ್ನಿನ ಮೇಲಲ್ಲ, ಮೇಡಂ ಮೇಲಲ್ಲ, ಆ ಪೊರಕೆ ಕಡ್ಡಿಯ ಮೇಲೆ. ತಾನು ಎಂದಿನಂತೆ ಊದಿಕೊಂಡು ಇದ್ದಿದ್ದರೆ ಕಿಲುಬು ತನ್ನನ್ನು ಕಡೆಯವರೆಗೂ ಕಾಪಾಡುತ್ತಿತ್ತು. ಹೊರಡುವ ಮುನ್ನ ಅವನ ಕಣ್ಣು ಆಂಪ್ಲಿಫೈಯರಿಗೆ ಸಿಕ್ಕಿಸಿದ್ದ ಪ್ಲಗ್ಗಿನ ಮೇಲೆ ನಿಂತಿತು. ಅವನ ಹೆಬ್ಬೆರಳಿನ ಗುರುತು ಅದರ ಮೇಲೆ ಹಾಗೇ ಇತ್ತು. ವಾರವಾರವೂ ಇಲ್ಲಿಗೆ ಬಂದಾಗ ಅದನ್ನು ಕಿತ್ತು ಚೆನ್ನಾಗಿ ಊದಿದರೆ ಸಾಕು. ಮಳೆಗಾಲ ಮುಗಿಯುವ ಹೊತ್ತಿಗೆ ಈ ಮೆಷಿನ್ನೂ ಗೊರಗುಟ್ಟುತ್ತದೆ. ಆಗ ಮತ್ತೆ ತನ್ನನ್ನೇ ಕರೆಯಬೇಕು.

ಅವನು ಬಾಗಿ, ಹೆಬ್ಬೆರಳನ್ನು ಆ ಗುರುತಿನ ಮೇಲೆ ಇಟ್ಟು ಪ್ಲಗ್ಗನ್ನು ಹಿಡಿದ. ಕೆನ್ನೆ ಉಬ್ಬಿಸಿದ.

"ಪ್ರಯಾಣಿಕರ ಗಮನಕ್ಕೆ" ಅಂದಿತು ದನಿ. "ಕಾಲುವೆ ಮಾರ್ಗದ ಬಸ್ಸು ನಾಲ್ಕನೇ ಅಂಕಣದಿಂದ ಹೊರಡುತ್ತಿದೆ."

ಹೊರಗಿನಿಂದ, ದೊಡ್ಡದಾಗಿ, ನಿಲ್ದಾಣದ ಒಂದೊಂದು ಕಂಬದಿಂದಲೂ ಅದು ಬರುತ್ತಿತ್ತು. ಗೊರಗೊರಪ್ಪ ತನ್ನ ದನಿಯನ್ನು ಹೀಗೆ ಎಂದೂ ಕೇಳಿರಲಿಲ್ಲ. ಹೇಳುವ ಗಡಿಬಿಡಿಯಲ್ಲಿ ಕೇಳುವುದಕ್ಕೆ ಪುರುಸೊತ್ತೆಲ್ಲಿ? 'ಕಾಲುವೆ' ಅನ್ನುವಲ್ಲಿ ಎಂಥ ಇಳಿತ, 'ಹೊರಡುತ್ತಿದೆ' ಅನ್ನುವಲ್ಲಿ ಎಂಥ ಕಳಕಳಿ. ಆರಿಸಿದವರು ಸುಮ್ಮನೆ ಆರಿಸಿರಲಿಲ್ಲ ಅನ್ನಿಸಿತು. ಬೆರಳು ಪ್ಲಗ್ಗಿನ ಮೇಲೆ, ಉಸಿರು ಕೆನ್ನೆಯಲ್ಲಿ, ಅವನು ಅಲ್ಲಾಡದೆ 'ಗೊರ್' ಅನ್ನುವ ತನಕ ಕೇಳಿದ, ಕೆಮ್ಮುವ ತನಕ ಕೇಳಿದ. ದನಿ ಎಂದಿನಂತೆ ಎರಡನೇ ಸಲ ಹೇಳಿತು. ಅದನ್ನೂ ಕೇಳಿದ.

ಆಮೇಲೆ ಮುಖ ಆಚೆ ತಿರುಗಿಸಿ ಉಸಿರನ್ನು ಗಾಳಿಗೆ ಬಿಟ್ಟ. ಕರ್ಚೀಫಿನಿಂದ ಪ್ಲಗ್ಗಿನ ಹೊರಗಿನ ಧೂಳು ಒರೆಸಿ, ಅದು ಸರಿಯಾಗಿ ಕೂತಿದೆಯೇ ಅಂತ ಮೆಲ್ಲಗೆ ಒತ್ತಿ ನೋಡಿ, ಕೆಳಗೆ ಇಳಿದ.

ನಾಲ್ಕನೇ ಅಂಕಣ ಖಾಲಿಯಾಗಿತ್ತು. ದೂರದಲ್ಲಿ ಕಾಲುವೆ ಬಸ್ಸಿನ ಹಿಂದಿನ ದೀಪ ತಿರುವಿನಲ್ಲಿ ಮರೆಯಾಗುತ್ತಿತ್ತು. ಮನೆಗೆ ಹೋಗಲು ಅವನಿಗೆ ಇದ್ದದ್ದು ಅದೊಂದೇ ಬಸ್ಸು.

ಟೀ ಅಂಗಡಿಯವನು ಒಲೆ ಆರಿಸುತ್ತ ಅವನ ಕಡೆ ನೋಡಿದ. "ಏನಣ್ಣ, ಎರಡೆರಡು ಸಲ ಹೇಳ್ತಲ್ಲ, ಕೇಳಿಸ್ಲಿಲ್ವಾ?"

"ಕೇಳಿಸ್ತು ಕಣಪ್ಪ" ಅಂದ ಗೊರಗೊರಪ್ಪ, ಒದ್ದೆ ದಿಂಬಿನ ಚೀಲವನ್ನು ಹೆಗಲಿಗೆ ಏರಿಸಿಕೊಳ್ಳುತ್ತ. "ತುಂಬಾ ಚೆನ್ನಾಗಿ ಕೇಳಿಸ್ತು."

ಆಮೇಲೆ ಮನೆಯ ಕಡೆ ನಡೆಯತೊಡಗಿದ.